ಐದನೇ ತಲೆಮಾರಿನಲ್ಲಿ ಹೆಸರಿಲ್ಲದ ಹುಡುಗಿ

ಕೋವಿಡ್ ಮುಗಿದ ಮರುವರ್ಷದ ಮಾತಿದು. ನಾನಾಗ ಹುಬ್ಬಳ್ಳಿಯ ಒಂದು ಹಳೆಯ ಸಭೆಗೆ ಸಭಾಪಾಲಕನಾಗಿದ್ದೆ. ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇತ್ತು. ಒಂದು ಚರ್ಚಿಗೆ ಸೇರಿದ ಕುಟುಂಬಗಳನ್ನೆಲ್ಲ ಒಟ್ಟಾಗಿ ನಾವು ಸಭೆ ಎನ್ನುತ್ತೇವೆ. ಆ ಸಭೆಯಲ್ಲಿ ನೂರ ಹತ್ತು ಕುಟುಂಬಗಳಿದ್ದವು. ಅವುಗಳಲ್ಲಿ ಏಳು ಮಾತ್ರ ತಮ್ಮನ್ನು ತಾವೇ 'ಹಳೇ ಮನೆತನ' ಎಂದು ಕರೆದುಕೊಳ್ಳುತ್ತಿದ್ದವು. ಉಳಿದ ನೂರ ಮೂರು ಮನೆಯವರು ದೇವರಿಗೆ ಬಾಡಿಗೆದಾರರು ಎಂಬಂತೆ ಈ ಏಳು ಮನೆಗಳವರು ಮುಂದಿನ ಬೆಂಚುಗಳಲ್ಲಿ ಕಾಲು ಚಾಚಿ ಕೂಡುತ್ತಿದ್ದರು.

ನಮ್ಮಲ್ಲಿ ಕೂಸಾಗಿದ್ದಾಗ ದೀಕ್ಷಾಸ್ನಾನವಾದ ಮಕ್ಕಳು ಹದಿನೈದರ ಹೊತ್ತಿಗೆ ತಮ್ಮ ನಂಬಿಕೆಯನ್ನು ತಮ್ಮ ಬಾಯಿಂದಲೇ ಸಭೆಯ ಮುಂದೆ ಹೇಳಬೇಕು. ಅದಕ್ಕೆ ದೃಢೀಕರಣ ಎನ್ನುತ್ತಾರೆ. ಆ ಮೇಲೆಯೇ ಅವರಿಗೆ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ. ಇಷ್ಟು ಎಲ್ಲ ಕಡೆ ಇರುವುದೇ. ಈ ಸಭೆಯವರು ಇದಕ್ಕೊಂದು ಬಾಲ ಅಂಟಿಸಿದ್ದರು. ಮಗು ಮೊಣಕಾಲೂರಿದಾಗ ಮನೆತನದ ಹಿರಿಯ ಗಂಡಸು ಹಿಂದೆ ನಿಂತು ಅದರ ಹೆಗಲ ಮೇಲೆ ಕೈಯಿಟ್ಟು, ಮನೆತನದ ಹೆಸರನ್ನೂ ಕ್ರೈಸ್ತರಾಗಿ ಎಷ್ಟನೇ ತಲೆಮಾರು ಎಂಬುದನ್ನೂ ಗಟ್ಟಿಯಾಗಿ ಹೇಳುವುದು. ಯಾವ ಪ್ರಾರ್ಥನಾ ಕ್ರಮದಲ್ಲೂ ಇಲ್ಲದ ಈ ಪದ್ಧತಿಯನ್ನು ಯಾರು ಶುರುಮಾಡಿದರೋ ಗೊತ್ತಿಲ್ಲ. ನನಗೆ ಅದು ಎತ್ತಿನ ಜಾತ್ರೆಯಲ್ಲಿ ತಳಿ ಹೇಳಿದಂತೆ ಕೇಳುತ್ತಿತ್ತು. ಆದರೂ ನಾಲ್ಕು ವರ್ಷ ಬಾಯಿ ಮುಚ್ಚಿಕೊಂಡು ನಡೆಸಿಕೊಟ್ಟಿದ್ದೆ.

ಸಭೆಯ ಕಾರ್ಯದರ್ಶಿ ದೇವಪ್ರಸಾದರು ಯೋನಪ್ಪನವರ ಮನೆತನದ ಹಿರಿಯರು. ನಿವೃತ್ತ ಎಂಜಿನಿಯರ್, ದೇಶಪಾಂಡೆ ನಗರದಲ್ಲಿ ಮನೆ. ಅವರ ಪಡಸಾಲೆಯಲ್ಲಿ ಮುತ್ತಜ್ಜ ಯೋನಪ್ಪನ ಫೋಟೊ ಇತ್ತು. ಹಿಂದೊಂದು ಬರಗಾಲದಲ್ಲಿ ಅಪ್ಪ ಅಮ್ಮ ಯಾರೆಂದೇ ತಿಳಿಯದ ಹುಡುಗನೊಬ್ಬ ಮಿಷನ್ ಬಂಗಲೆಯ ಗೇಟಿನಲ್ಲಿ ಸಿಕ್ಕಿದ್ದ. ಅಲ್ಲಿಯ ಅಡುಗೆಯವನು ಅವನನ್ನು ಎತ್ತಿಕೊಂಡು ಹೋಗಿ ಮಗನೆಂದು ಸಾಕಿದ. ಆ ಹುಡುಗನೇ ಯೋನಪ್ಪ. ಇದನ್ನು ದೇವಪ್ರಸಾದರು ಯಾವತ್ತೂ ಮುಚ್ಚಿಟ್ಟವರಲ್ಲ. ಪ್ರತಿ ಮದುವೆಯಲ್ಲೂ ಮೈಕು ಹಿಡಿದು, ಕಣ್ಣೊರೆಸಿಕೊಂಡು, ದೇವರ ಸಂಕಲ್ಪ ಎಷ್ಟು ದೊಡ್ಡದೆಂದು ಹೇಳುತ್ತಿದ್ದರು. ಊಟ ತಡವಾಗುತ್ತಿತ್ತು.

ಅವರ ತಮ್ಮ ಜಯಪ್ರಕಾಶ ಧಾರವಾಡದ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅವನ ಹೆಂಡತಿ ಸುಗುಣಾ ಗೋಪನಕೊಪ್ಪದ ಮನೆಯಲ್ಲೇ ಹೊಲಿಗೆ ಮಾಡುವವಳು. ಮಕ್ಕಳಾಗಲಿಲ್ಲವೆಂದು ಅವರು ಕಾನೂನಿನ ಪ್ರಕಾರವೇ ಒಂದು ಹೆಣ್ಣುಕೂಸನ್ನು ದತ್ತು ತೆಗೆದುಕೊಂಡಿದ್ದರು. ಅವಳೇ ಆಶಾ. ಆ ವರ್ಷ ದೃಢೀಕರಣಕ್ಕೆ ಬಂದ ಆರು ಮಕ್ಕಳಲ್ಲಿ ಅವಳೂ ಒಬ್ಬಳು, ದೇವಪ್ರಸಾದರ ಮೊಮ್ಮಗನೂ ಒಬ್ಬ.

ತರಗತಿ ನನ್ನದು, ಹನ್ನೆರಡು ಶನಿವಾರ. ವಿಶ್ವಾಸಿಯ ಬಾಧ್ಯತೆ, ಅಂದರೆ ದೇವರ ಮನೆಯಲ್ಲಿ ಅವನಿಗೆ ಬರುವ ಪಾಲು ಏನು ಎಂಬುದು ಎಂಟನೇ ಪಾಠ. ಹುಟ್ಟಿನಿಂದ ಯಾರಿಗೂ ಅಲ್ಲಿ ಹಕ್ಕಿಲ್ಲ. ಲೋಕ ಹುಟ್ಟುವ ಮೊದಲೇ ದೇವರು ತನ್ನ ಇಷ್ಟದಿಂದ ನಮ್ಮನ್ನು ಮಕ್ಕಳಾಗಿ ತೆಗೆದುಕೊಳ್ಳಲು ನಿಶ್ಚಯಿಸಿದ. ಕ್ರಿಸ್ತನ ಪಾಲಿನಲ್ಲೇ ನಮಗೂ ಪಾಲು. ಪವಿತ್ರಾತ್ಮನನ್ನು ಅದಕ್ಕೆ ಸಂಚಕಾರವಾಗಿ ಕೊಟ್ಟಿದ್ದಾನೆ, ಅಂದರೆ ಮುಂದೆ ಬರುವುದಕ್ಕೆ ಈಗಲೇ ಕೊಟ್ಟ ಗುರುತು. ಮೂವತ್ತು ವರ್ಷ ಹೇಳಿ ಹೇಳಿ ನನಗೆ ಅದು ಬಾಯಿಪಾಠವಾಗಿತ್ತು. ಆಶಾ ಕೈ ಎತ್ತಿದಳು.

"ಅಯ್ಯನೋರ, ನಾವೆಲ್ಲಾ ದೇವರ ಮನಿಗೆ ದತ್ತು ಬಂದವರು ಅಂದ್ರ, ನಮ್ಮ ದೊಡ್ಡಪ್ಪಾನೂ ದತ್ತು ಅಲ್ಲೇನ್ರಿ?"

ಮಕ್ಕಳೆಲ್ಲ ನಕ್ಕರು. ನಾನೂ ನಕ್ಕೆ. ಹೌದು ಎಂದು ಒಂದೇ ಮಾತಿನಲ್ಲಿ ಹೇಳಬೇಕಿದ್ದವನು, ಇದನ್ನೆಲ್ಲ ಹೊರಗೆ ಹೇಳಬೇಡವ್ವ ಎಂದು ತಲೆ ಸವರಿ ಪಾಠ ಮುಗಿಸಿದೆ. ನನ್ನ ಪಾಂಡಿತ್ಯದ ಅಳತೆ ಅಷ್ಟೇ.

ಹತ್ತನೇ ಶನಿವಾರ ಸಂಜೆ ದೇವಪ್ರಸಾದರು ನನ್ನ ಮನೆಗೆ ಬಂದರು. ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದರು. ಮೊಮ್ಮಗನ ಹೆಗಲ ಮೇಲೆ ಕೈಯಿಟ್ಟು ಆರನೇ ತಲೆಮಾರು ಎನ್ನುತ್ತಾರಂತೆ. ಆಶಾಳಿಗೆ ಮಾತ್ರ ಆಗುವುದಿಲ್ಲವಂತೆ.

"ಹುಡುಗಿ ಛಲೋ ಐತ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ರಕ್ತನ ಇಲ್ಲಂದ ಮ್ಯಾಲೆ ತಲಿಮಾರು ಎಲ್ಲಿಂದ ಬರ್ತೈತ್ರಿ ಅಯ್ಯನೋರ? ಯೋನಪ್ಪಜ್ಜನ ಹೆಸರು ಹೆಂಗ ಹೇಳ್ಲಿ?"

ಯೋನಪ್ಪಜ್ಜನ ಹೆಸರು! ಆ ಅಜ್ಜನ ಮೈಯಲ್ಲಿ ಅಡುಗೆಯವನ ರಕ್ತ ಎಷ್ಟು ಹನಿ ಇತ್ತೆಂದು ಈ ಮಹಾಶಯರಿಗೆ ಒಮ್ಮೆಯೂ ಹೊಳೆಯಲಿಲ್ಲ. ನೂರು ಮದುವೆಗಳಲ್ಲಿ ಹೇಳಿದ ಕಥೆ ಅವರ ಕಿವಿಗೇ ಬಿದ್ದಿರಲಿಲ್ಲ. ಮನೆಯೊಳಗೆ ಕರೆದುಕೊಂಡರೆಂದೇ ಬದುಕಿದವನ ಮರಿಮೊಮ್ಮಗ ಈಗ ಬಾಗಿಲಲ್ಲಿ ನಿಂತು ರಕ್ತ ಪರೀಕ್ಷೆ ಮಾಡುತ್ತಿದ್ದ. ಇಷ್ಟು ದಡ್ಡತನ ಎಲ್ಲರಿಗೂ ಬರುವುದಿಲ್ಲ. ಅದಕ್ಕೆ ನಾಲ್ಕು ತಲೆಮಾರಿನ ಮುಂದಿನ ಬೆಂಚು ಬೇಕು.

ಇದೆಲ್ಲ ನನ್ನ ಮನಸ್ಸಿನಲ್ಲಿ ಬಂತು, ಬಾಯಿಗೆ ಬರಲಿಲ್ಲ. ಎರಡು ವರ್ಷ ಗಲಾಟೆಯಿಲ್ಲದೆ ಕಳೆಯಬೇಕೆಂಬ ಆಸೆ ನನಗಿತ್ತು. ಹಾಗಾಗಿ ಒಂದು ಜಾಣ ದಾರಿ ಹುಡುಕಿದೆ. ಆಶಾ ಕೊನೆಯಲ್ಲಿ ಮೊಣಕಾಲೂರಲಿ, ಹಿಂದೆ ಯಾರೂ ನಿಲ್ಲುವುದು ಬೇಡ, ಹೆಸರಷ್ಟೇ ನಾನು ಓದುತ್ತೇನೆ ಎಂದೆ. ದೇವಪ್ರಸಾದರು ಕೈ ಮುಗಿದು ಎದ್ದರು. ಜಯಪ್ರಕಾಶನಿಗೆ ಫೋನಿನಲ್ಲಿ ತಿಳಿಸಿದೆ. ಅಣ್ಣನ ಮುಂದೆ ದನಿ ಎತ್ತಿದವನಲ್ಲ, ಆಗಲಿ ಎಂದ. ಅದೇ ಸಾಲಿನಲ್ಲಿ ನಾನೂ ನಿಂತಿದ್ದರಿಂದ ಅವನನ್ನು ಹೇಡಿ ಎನ್ನುವ ಯೋಗ್ಯತೆ ನನಗಿಲ್ಲ. ಸುಗುಣಾಳನ್ನು ಇಬ್ಬರೂ ಕೇಳಲಿಲ್ಲ.

ದೃಢೀಕರಣದ ಭಾನುವಾರ ಚರ್ಚು ತುಂಬಿತ್ತು. ಐದು ಮಕ್ಕಳ ಹಿಂದೆ ಐದು ಹಿರಿಯರು ನಿಂತು ಮೂರನೆಯದು, ನಾಲ್ಕನೆಯದು ಎಂದು ಹೇಳಿ ಬೀಗಿದರು. ದೇವಪ್ರಸಾದರ 'ಆರನೇ ತಲೆಮಾರು' ಗೇಟಿನವರೆಗೆ ಕೇಳಿಸಿರಬೇಕು. ಕೊನೆಗೆ ಆಶಾ ಬಂದು ಮೊಣಕಾಲೂರಿದಳು. ಹಿಂದೆ ಜಾಗ ಖಾಲಿ. ಅವಳು ಒಮ್ಮೆ ತಿರುಗಿ ನೋಡಿದಳು. ಮುಂದಿನ ಬೆಂಚುಗಳವರು ಕೀರ್ತನೆ ಪುಸ್ತಕದ ಹಾಳೆ ತಿರುವತೊಡಗಿದರು. ಜಯಪ್ರಕಾಶ ತಲೆ ತಗ್ಗಿಸಿ ಕೂತೇ ಇದ್ದ. ನಾನು ಬೇಗ ಮುಗಿಸಿಬಿಡೋಣವೆಂದು ಪ್ರಾರ್ಥನೆಗೆ ಕೈ ಚಾಚಿದೆ.

ಸುಗುಣಾ ಹೆಂಗಸರ ಸಾಲಿನಿಂದ ಎದ್ದು ನಡೆದು ಬಂದಳು. ಆ ಜಾಗದಲ್ಲಿ ಯಾವ ಹೆಂಗಸೂ ಅದುವರೆಗೆ ನಿಂತಿರಲಿಲ್ಲ. ಮಗಳ ಹೆಗಲ ಮೇಲೆ ಎರಡೂ ಕೈ ಇಟ್ಟಳು. ದನಿ ಎತ್ತರಿಸಲಿಲ್ಲ, ನಡುಗಲೂ ಇಲ್ಲ.

"ಇಕಿ ಆಶಾ. ನನ್ನ ಮಗಳು. ಒಂದನೇ ತಲಿಮಾರು."

ಹಾಳೆ ತಿರುವುವ ಸದ್ದು ನಿಂತಿತು. ನಾನು ಆಶಾಳ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ. ಏನು ಪ್ರಾರ್ಥಿಸಿದೆನೋ ನೆನಪಿಲ್ಲ. ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು ಎಲ್ಲರ ಕೈ ಕುಲುಕುವುದು ನಮ್ಮ ರೂಢಿ. ಸುಗುಣಾ ಬಂದಾಗ, ಬಹಳ ಧೈರ್ಯ ಮಾಡಿದಿರಿ ಎಂದು ದೊಡ್ಡ ಮನುಷ್ಯನಂತೆ ಮೆಚ್ಚಿದೆ.

"ಧೈರ್ಯ ಏನ್ ಬಂತ್ರಿ ಅಯ್ಯನೋರ. ನೀವು ಹುಡುಗೀಗೆ ಕಲಿಸಿದ್ದನ್ನ ನಾ ಮಾಡೇನಿ. ಕಲಿಸಿದವರು ನೀವ್ಯಾಕ ಮಾಡ್ಲಿಲ್ಲ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು.

ಪದ್ಧತಿ ಮುರಿದದ್ದಕ್ಕೆ ದೇವಪ್ರಸಾದರು ಬಿಷಪ್ಪರ ಕಚೇರಿಗೆ ಮೂರು ಪುಟದ ದೂರು ಬರೆದರು. ವಿವರಣೆ ಕೇಳಿ ಅಲ್ಲಿಂದ ನನಗೆ ಪತ್ರ ಬಂತು. ಮುರಿದವನು ನಾನಲ್ಲ, ಮುರಿಯಬೇಕಾಗಿದ್ದವನು ನಾನು ಎಂದು ಬರೆದು ಸಹಿ ಹಾಕಿದೆ. ನನ್ನ ಇಡೀ ಸೇವಾವಧಿಯಲ್ಲಿ ನಾನು ಬರೆದ ಒಂದೇ ನೆಟ್ಟಗಿನ ವಾಕ್ಯ ಅದು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ದೇವರು ಪುಕ್ಕಟೆ ಕೊಟ್ಟ ಪಾಲಿಗೆ ಬೇಲಿ ಹಾಕುವ ಮೂರ್ಖರು ಎಲ್ಲ ಸಭೆಯಲ್ಲೂ ಇರುತ್ತಾರೆ. ಅವರಿಂದ ದೇವರ ಸಂಕಲ್ಪ ನಿಲ್ಲುವುದಿಲ್ಲ. ಬೇಲಿಯ ಹತ್ತಿರ ನಿಲುವಂಗಿ ತೊಟ್ಟು ನಿಂತು, ಬೀಗದ ಕೈ ತನ್ನ ಜೇಬಿನಲ್ಲೇ ಇದ್ದರೂ ಗಲಾಟೆ ಬೇಡವೆನ್ನುವವನು ಅವರಿಗಿಂತ ಕೀಳು. ಆ ಭಾನುವಾರ ಅಲ್ಲಿ ಹಾಗೆ ನಿಂತಿದ್ದವನು ನಾನು.