ದೇವಸ್ಥಾನವಿಲ್ಲದ ಆಲ್ಬಮ್

ಮಳೆಯೇ ಅಪರೂಪವಾದ ಗಲ್ಫಿನ ವಾದಿ ಕಬೀರಿನಲ್ಲಿ ನಮ್ಮ ಮೇಲಿನ ಮನೆಯಲ್ಲಿದ್ದ ಉಡುಪಿಯ ಸ್ಟೋರ್‌ಕೀಪರರಿಗೆ ಒಂದು ಚಟವಿತ್ತು. ದಾರಿಯಲ್ಲಿ ನೀರು ಕಂಡರೆ ಸಾಕು, ಅದು ಟ್ಯಾಂಕರ್ ಸೋರಿ ಆದ ಹೊಂಡವೇ ಆಗಲಿ, ಕಾರು ನಿಲ್ಲಿಸಿ, ಸೊಂಟಕ್ಕೆ ಕೈಯಿಟ್ಟು, "ನೀರು ಮಾರಾಯ್ರೆ!" ಎನ್ನುತ್ತಿದ್ದರು.

ತೊಂಬತ್ತರ ದಶಕದ ಒಂದು ರಜೆಯಲ್ಲಿ ಅವರು ಹೆಂಡತಿಯೊಂದಿಗೆ ಥಾಯ್ಲೆಂಡಿನ ಬಸ್ ಪ್ರವಾಸಕ್ಕೆ ಹೋದರು. ಗೈಡ್ ಸಮೇತ ಹಳೆಯ ದೇಗುಲ, ಹಳ್ಳಿಗಳನ್ನು ನೋಡುವ ಪ್ರವಾಸ. ಮರಳಿದ ಮೇಲೆ ನಮ್ಮ ಮನೆಗೆ ಆಲ್ಬಮ್ ತಂದರು. ಪುಟ ತಿರುಗಿಸಿದಷ್ಟೂ ಗದ್ದೆ, ತೋಡು, ಕೆಸರು.

"ದೇವಸ್ಥಾನ ಎಲ್ಲಿ?" ಎಂದೆ.

"ಈ ಗದ್ದೆಯ ಹಿಂದೆ ಉಂಟು."

ಅವರ ಹೆಂಡತಿ ಹಣೆ ಚಚ್ಚಿಕೊಂಡರು. "ಮಳೆ ಬಂತೂಂತ ಎಲ್ಲರೂ ಬಸ್ಸಿಗೆ ಓಡಿದ್ರು, ಇವರೊಬ್ರು ಗದ್ದೆಬದಿಯಲ್ಲೇ ನಿಂತ್ರು. ಗೈಡ್ ಪಾಪ, ಕೊಡೆ ತಂದ್ರೆ ಅದನ್ನೂ ಬೇಡ ಅಂದ್ರು!"

ನಾವೆಲ್ಲ ನಕ್ಕೆವು. ಆದರೂ ಆ ಆಲ್ಬಮ್ ಕಟ್ಟಡದ ಮನೆಮನೆ ಸುತ್ತಿ ಅವರ ಕೈಸೇರುವಾಗ ಬೇಸಗೆಯೇ ಮುಗಿದಿತ್ತು. ಒಂದು ಗದ್ದೆಯ ಚಿತ್ರ ಕಾಣೆಯಾಗಿತ್ತು. ಅವರು ಯಾರನ್ನೂ ಕೇಳಲಿಲ್ಲ.

ಅದನ್ನು ನಾನು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿಕೊಂಡಿದ್ದೆ. ಅವರು ಬಂದಾಗಲೆಲ್ಲ ಬಾಗಿಲು ಮುಚ್ಚುತ್ತಿದ್ದೆ. ಒಮ್ಮೆ ಮರೆತೆ. ಅವರು ಕಪಾಟಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತರು.

"ನೀರು ಮಾರಾಯ್ರೆ!" ಎಂದರು, ಅಷ್ಟೇ.