ಕೊನೆಯ ಟವರಿನವರೆಗೆ

ನಮ್ಮ ಮಣ್ಣುರಸ್ತೆಯ ಮೇಸ್ತ್ರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಸರ್ಕಾರಿ ಜಾಗದಲ್ಲಿ ಸಾಲಾಗಿ ನಿಂತ ಕರೆಂಟಿನ ಟವರುಗಳಿಗೆ ಲಾರಿ ತಲುಪುವಂತೆ ದಾರಿ ಸರಿಪಡಿಸುವುದು ಅವನ ಕೆಲಸ. ಹೊಸ ಜಲ್ಲಿಯ ಮೇಲೆ ಯಾರದಾದರೂ ಟ್ರ್ಯಾಕ್ಟರ್ ಹತ್ತಿದರೆ "ಇದೇನು ನಿಮ್ಮಪ್ಪನ ಮನೆ ಅಂಗಳಾನಾ?" ಎಂದು ಮೈಮೇಲೆ ಬೀಳುತ್ತಾನೆ, ಮಳೆ ಹನಿದರೆ ಮೋಡದ ಏಳು ತಲೆಮಾರನ್ನೂ ಜಾಲಾಡುತ್ತಾನೆ. ಆದರೆ ಕೊನೆಯ ಟವರಿನ ಬುಡಕ್ಕೆ ಅವನ ಜಲ್ಲಿ ಮುಗಿಯುತ್ತದೆ. ಅದರಾಚೆಗೆ ನಮ್ಮ ಮನೆಗಳು, ಅವನ ಮನೆಯೂ. "ಇನ್ನೆರಡು ಲೋಡು ಹಾಕಣ್ಣ" ಎಂದು ಗೋಗರೆದರೆ "ರಸ್ತೆ ಇರೋದು ಟವರಿಗೆ, ನಿಮಗಲ್ಲ!" ಎಂದು ನಮ್ಮ ಮೇಲೇ ಹಾರಾಡುತ್ತಾನೆ, ಹಾಳಾದವನು. ಮೊನ್ನೆ ಜ್ವರ ಬಂದ ತಾಯಿಯನ್ನು ಬೆನ್ನ ಮೇಲೆ ಹೊತ್ತು, ಮೊಣಕಾಲುದ್ದದ ಕೆಸರು ತುಳಿಯುತ್ತ ಟವರಿನತ್ತ ಬರುತ್ತಿದ್ದ. "ರಸ್ತೇನ ಅಲ್ಲಿಗೇ ನಿಲ್ಲಿಸಿದವನ ಮನೆ ಹಾಳಾಗ!" ಎಂದು ಮುದುಕಿ ಅವನ ಕಿವಿಯಲ್ಲೇ ಶಪಿಸುತ್ತಿದ್ದಳು. ಅವನು ಅವಳನ್ನು ಬೆನ್ನ ಮೇಲೆ ಇನ್ನಷ್ಟು ಮೇಲಕ್ಕೆತ್ತಿಕೊಂಡು, ಕೆಸರಿನಿಂದ ಮುಂದಿನ ಕಾಲು ಕಿತ್ತ.