ಕಿಟಕಿಯ ಸ್ಲೇಟು

ಇಂಡಿಯಾನಾದ ಒಂಟಿ ಕ್ಷೌರಿಕ ಆರ್ವಿಲ್ ಪ್ರತಿ ಸೋಮವಾರ ಊರ ಕಾಲೇಜಿನ ಬಾಸ್ಕೆಟ್‌ಬಾಲ್ ತಂಡಕ್ಕೆ ದೇಶದ ಪಟ್ಟಿಯಲ್ಲಿ ಆ ವಾರ ಸಿಕ್ಕ ಹೊಸ ರ‍್ಯಾಂಕನ್ನು ಅಂಗಡಿಯ ಕಿಟಕಿಯಲ್ಲಿ ತೂಗುಹಾಕಿದ ಸ್ಲೇಟಿನ ಮೇಲೆ ಬರೆಯುತ್ತಿದ್ದ. “ರ‍್ಯಾಂಕ್ ಕಟ್ಕೊಂಡು ಏನಾಗ್ಬೇಕು, ಗೆದ್ರೆ ಸಾಕು” ಎನ್ನುತ್ತಲೇ ಊರೆಲ್ಲ ಅದನ್ನು ನೋಡಿಯೇ ಮುಂದೆ ಹೋಗುತ್ತಿತ್ತು.

ಒಂದು ಶನಿವಾರ ಸಂಜೆ ಲಕ್ವ ಹೊಡೆದು ಅವನು ಕುರ್ಚಿಯ ಹಿಂದೆ ಬಿದ್ದ. ಭಾನುವಾರ ಯಾರೂ ಹುಡುಕಲಿಲ್ಲ. ಸೋಮವಾರ ಮಧ್ಯಾಹ್ನ ಯಾರೋ ಬಾಗಿಲು ದಬದಬ ಬಡಿದಾಗ, ಕೊನೆಗೂ ನನ್ನ ನೆನಪಾಯಿತಲ್ಲ ಎಂದು ಆರ್ವಿಲ್ ಬಿದ್ದಲ್ಲೇ ಅಂದುಕೊಂಡ.

“ನಾವು ಹನ್ನೊಂದಕ್ಕೆ ಏರಿದೀವಿ, ಈ ಮುದುಕ ಇನ್ನೂ ಹದಿನಾಲ್ಕು ಅಂತಲೇ ಇಟ್ಕೊಂಡಿದಾನಲ್ಲೋ!” ಎಂದು ಹೊರಗಿಂದ ಕೂಗು ಕೇಳಿತು.

ಬಾಗಿಲು ಮುರಿದು ನುಗ್ಗಿದ ಹಳೇ ಗಿರಾಕಿ ಡೆಲ್ಬರ್ಟ್ ಅವನನ್ನು ದಾಟಿಕೊಂಡು ಹೋಗಿ, ಸ್ಲೇಟು ಒರೆಸಿ, ದಪ್ಪಗೆ ಹನ್ನೊಂದು ಬರೆದು ತೂಗುಹಾಕಿದ. ಹೊರಗೆ ಕೇಕೆ ಎದ್ದಿತು. ಆಮೇಲೆ ಕೆಳಗೆ ಬಗ್ಗಿ ನೋಡಿದ.

“ಅಯ್ಯೋ, ಇವ್ನು ಇನ್ನೂ ಉಸಿರಾಡ್ತಿದಾನೆ ಕಣ್ರೋ!”